ಹೊಂಗೆಕುಂಟೆ ಟರ್ಮಿನಸ್ಸಿಗೆ ಬಂದಿಳಿದ ಬೀಗರು

ಪೂರ್ವ ಉಪನಗರ ಟರ್ಮಿನಸ್ ಅಭಿವೃದ್ಧಿ ಮಂಡಳಿಯ ಮುಖ್ಯ ಯೋಜನಾಧಿಕಾರಿಗಳಿಗೆ, ಅವರ ಉಪಮುಖ್ಯರಿಗೆ, ಹಾಗೂ ಉಪಮುಖ್ಯರ ಕೊಠಡಿಯ ಹೊರಗೆ ಸ್ಟೂಲಿನ ಮೇಲೆ ಕುಳಿತು "ಸಾಹೇಬ್ರು ಮೀಟಿಂಗಲ್ಲವ್ರೆ" ಎಂದು ನಮ್ಮನ್ನು ನಗುನಗುತ್ತಲೇ ಹಿಂದಕ್ಕೆ ಕಳುಹಿಸುವ ಮಹನೀಯರಿಗೆ

ಮಾನ್ಯರೇ,

ಕೃಷ್ಣರಾಜಪುರದ ಆಚೆ ಕವಲೊಡೆದು ಹೊರಟ ರೈಲು ಹಳಿ, ಇನ್ನು ನನ್ನ ಕೈಲಾಗದು ಎಂದು ನಿಂತುಬಿಟ್ಟ ಜಾಗದಲ್ಲಿ ನಮ್ಮ ಹೊಂಗೆಕುಂಟೆ ಇದೆ. ಆ ಊರಿನ ಮುನಿಆಂಜನಪ್ಪನವರ ಮಗಳೂ, ಶಿವಾಜಿನಗರದ ಮುದ್ರಣಾಲಯವೊಂದರಲ್ಲಿ ಮದುವೆಯ ಕರೆಯೋಲೆಗಳನ್ನು ಕಾಗುಣಿತ ತಪ್ಪದಂತೆ ಜೋಡಿಸಿಕೊಡುವವಳೂ ಆದ ಧನಲಕ್ಷ್ಮಿ ಎಂಬ ನಾನು ತಮ್ಮೆಲ್ಲರಿಗೂ ತಲೆಬಾಗಿ ವಂದಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ಇಲ್ಲಿ ನಾವೆಲ್ಲ ಕ್ಷೇಮ. ಅಲ್ಲಿ ತಾವೂ, ತಮ್ಮ ಹವಾನಿಯಂತ್ರಿತ ಕೊಠಡಿಯೂ ತಣ್ಣಗಿರುವಿರೆಂದು ನಂಬಿದ್ದೇವೆ.

ಕಳೆದ ವಾರ ತಮ್ಮ ಮಂಡಳಿಯವರು ನಮ್ಮ ನಿಲ್ದಾಣಕ್ಕೆ ದಯಮಾಡಿಸಿ, 'ಹೊಂಗೆಕುಂಟೆ ಟರ್ಮಿನಸ್: ಇತಿಹಾಸ ಮತ್ತು ಭವಿಷ್ಯ' ಎಂಬ ಬಣ್ಣದ ಪುಸ್ತಿಕೆಯನ್ನು ಕೈಗೊಂದರಂತೆ ಹಂಚಿ ಹೋದರು. ಅದರ ಕಾಗದ ಎಷ್ಟು ನುಣುಪಾಗಿದೆಯೆಂದರೆ ನಮ್ಮ ಮುದ್ರಣಾಲಯದ ಮಾಲೀಕರು ಅದನ್ನು ಕೆನ್ನೆಗೆ ಒತ್ತಿಕೊಂಡು, ಇಂಥ ಕಾಗದದಲ್ಲಿ ಯಾರ ಮದುವೆಯನ್ನೂ ಅಚ್ಚು ಹಾಕುವ ಭಾಗ್ಯ ತಮಗೆ ಬರಲಿಲ್ಲವಲ್ಲ ಎಂದು ನಿಟ್ಟುಸಿರುಬಿಟ್ಟರು. ಪುಸ್ತಿಕೆಯ ತುಂಬ ಭವಿಷ್ಯವೇ ಇದೆ. ಇತಿಹಾಸಕ್ಕೆ ಮಾತ್ರ ಎರಡು ಸಾಲು ಸಿಕ್ಕಿದೆ: "ತೊಂಬತ್ತರ ದಶಕದಲ್ಲಿ ಆರಂಭವಾದ ಈ ನಿಲ್ದಾಣದ ಸೇವೆಯು ಪ್ರಯಾಣಿಕರ ಕೊರತೆಯಿಂದ ಕೆಲಕಾಲ ಸ್ಥಗಿತಗೊಂಡಿತ್ತು. ಮಂಡಳಿಯು ನಡೆಸಿದ ಸಮಗ್ರ ಸಮೀಕ್ಷೆಯ ನಂತರ ಅದನ್ನು ಪುನರಾರಂಭಿಸಲಾಯಿತು."

ಮಾನ್ಯರೇ, ಆ ಸಮಗ್ರ ಸಮೀಕ್ಷೆ ನಡೆದ ದಿನ ನಾನು ಅಲ್ಲೇ ಇದ್ದೆ. ರೇಷ್ಮೆ ಸೀರೆ ಉಟ್ಟುಕೊಂಡಿದ್ದೆ. ಸಮೀಕ್ಷೆಗೆ ಬಂದವರ ಮೇಲೆ ಪನ್ನೀರು ಎರಚಿದವರಲ್ಲಿ ನಾನೂ ಒಬ್ಬಳು. ಹೀಗಿರುವಾಗ ತಮ್ಮ ಎರಡು ಸಾಲುಗಳ ಸಂಯಮವನ್ನು ಮೆಚ್ಚುತ್ತಲೇ, ಬಿಟ್ಟುಹೋದದ್ದನ್ನು ತುಂಬಿಕೊಡುವುದು ಓದುಬರಹ ಬಲ್ಲ ನನ್ನ ಕರ್ತವ್ಯವೆಂದು ತಿಳಿದು ಮುಂದುವರಿಯುತ್ತೇನೆ.

ತಮ್ಮ ಟರ್ಮಿನಸ್ಸು ಹುಟ್ಟುವುದಕ್ಕೆ ಮೊದಲು ನಮ್ಮ ರಾಗಿ ಹೊಲವಾಗಿತ್ತು. ಅಳತೆಯವರು ಸರಪಳಿ ಹಿಡಿದು ಬಂದಾಗ ರಾಗಿಯ ನಡುವೆ ಅವರೆ ಸೊಗಸಾಗಿ ಕಾಯಿ ಕಟ್ಟಿತ್ತು. ನಮ್ಮ ತಂದೆಯವರು ಅವರನ್ನು ಬದುವಿನ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು, "ರೈಲು ಬರೋದಾದ್ರೆ ಬರ್ಲಿ ಸ್ವಾಮಿ, ನಾನೇನ್ ಅಡ್ಡ ಮನಿಕ್ಕೊಂಡಿದ್ದೀನಾ? ಅವರೆಕಾಯಿ ಕಿತ್ಕೊಳೋಗಂಟ ಒಸಿ ತಡ್ಕೊಳ್ಳಿ ಅಂತ ರೈಲಿಗೆ ಹೇಳಿ" ಎಂದರು. ರೈಲು ಎಂಥ ಮರ್ಯಾದಸ್ಥ ವಾಹನವೆಂದರೆ ಆ ಅವರೆಗೆ ಮಾತ್ರವಲ್ಲ, ಅದರ ಮುಂದಿನ ಎಷ್ಟೋ ಬೆಳೆಗಳಿಗೂ ತಡೆದುಕೊಂಡಿತು. ಕೊನೆಗೆ ಪರಿಹಾರ ಬಂತು, ತಂದೆಯವರು ಉಳಿದ ತುಂಡು ಜಾಗದಲ್ಲಿ ಬಾಡಿಗೆಗೆಂದು ಸಾಲುಮನೆಗಳ ವಠಾರ ಕಟ್ಟಿಸಿದರು, ಅದರ ಪಕ್ಕಕ್ಕೇ ಪ್ಲಾಟ್‌ಫಾರ್ಮು ಎದ್ದಿತು, ಹಳದಿ ಹಲಗೆಯೂ ನಿಂತಿತು. ಹಲಗೆಯಲ್ಲಿ ಕನ್ನಡವೇನೋ ಸರಿಯಾಗಿತ್ತು. ಇಂಗ್ಲಿಷಿನಲ್ಲಿ ಮಾತ್ರ ಬರೆದವರ ಕೈ ಜಾರಿ ನಮ್ಮ ಊರು 'ಹಂಗ್ರಿ ಕುಂಟೆ' ಎಂದಾಗಿತ್ತು. ಮೊದಲ ದಿನ ಬಂದಿಳಿದವರು ಯಾರೋ "ಇಲ್ಲಿ ಊಟಕ್ಕೇನಿದೆ?" ಎಂದು ವಿಚಾರಿಸಿದರೆಂದು ಊರವರು ಹೇಳುತ್ತಾರೆ, ನಾನು ಕೇಳಿಸಿಕೊಂಡಿಲ್ಲ.

ಷಟಲ್ ರೈಲು ಬಂದ ಮೇಲೆ ನಮ್ಮ ಬದುಕಿಗೆ ಬಂದ ಭಾಗ್ಯವನ್ನು ವರ್ಣಿಸಲು ನನ್ನಲ್ಲಿ ನುಣುಪಾದ ಕಾಗದವಿಲ್ಲ. ಬೆಳಿಗ್ಗೆ ಹೊಂಗೆಕುಂಟೆಯಲ್ಲಿ ಹತ್ತಿದರೆ ಕೃಷ್ಣರಾಜಪುರ ದಾಟಿ ಕಂಟೋನ್ಮೆಂಟಿನಲ್ಲಿ ಇಳಿದು, ಅಲ್ಲಿಂದ ಮಾತಾಡಿಕೊಂಡು ನಡೆದರೆ ಶಿವಾಜಿನಗರ. ರಸೆಲ್ ಮಾರುಕಟ್ಟೆಗೆ ಸೊಪ್ಪಿನ ಪುಟ್ಟಿ ಹೊರುವವರು, ಮಿಲ್ಲರ್ಸ್ ರಸ್ತೆಯ ಬಂಗಲೆಗಳಿಗೆ ಮನೆಗೆಲಸಕ್ಕೆ ಹೋಗುವವರು, ನನ್ನಂಥ ಅಚ್ಚುಕೂಟದವರು, ಎಲ್ಲರೂ ಒಂದೇ ಡಬ್ಬಿಯಲ್ಲಿ. ನನ್ನ ಪಕ್ಕದ ಸೀಟು ಸುಜಾತಳದು. ಆಕೆಯ ತಂದೆ ಭಗವಂತರಾಯರು, ತಾಯಿ ಸುಭದ್ರಮ್ಮ, ಆಳಂದದ ಕಡೆಯಿಂದ ಗಾರೆ ಕೆಲಸಕ್ಕೆಂದು ಬಂದು ನಮ್ಮ ವಠಾರದ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದರು. ಸುಜಾತಾ ಮಾರುಕಟ್ಟೆಯ ಹಿಂದಿನ ಗಲ್ಲಿಯ ಬಟ್ಟೆ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುತ್ತಿದ್ದಳು. ಎದುರಿನ ಸೀಟಿನಲ್ಲಿ ಯಾರು ಕೂತರೂ ಅವರ ರವಿಕೆಯ ತೋಳು ಎಲ್ಲಿ ಕೆಟ್ಟಿದೆಯೆಂದು ನನ್ನ ಕಿವಿಯಲ್ಲಿ ಹೇಳಿ ನಗಿಸುವುದು ಅವಳ ಅಭ್ಯಾಸ.

ಆಗ ತಮ್ಮ ಮಂಡಳಿಗೆ ಒಂದು ಅಪೂರ್ವ ಆಲೋಚನೆ ಹೊಳೆಯಿತು. ಬೆಳಗಿನ ಷಟಲ್ಲನ್ನು ಮಧ್ಯಾಹ್ನಕ್ಕೆ ಹಾಕಿದರು. ಮಧ್ಯಾಹ್ನ ಕೆಲಸಕ್ಕೆ ಹೊರಡುವವರು ಹೊಂಗೆಕುಂಟೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ರೈಲು ಖಾಲಿ ಓಡಿತು. ಖಾಲಿ ಓಡಿದ್ದರಿಂದ ಪ್ರಯಾಣಿಕರ ಕೊರತೆ ಉಂಟಾಯಿತು. ಕೊರತೆ ಉಂಟಾದ್ದರಿಂದ ರೈಲು ನಿಂತಿತು. ಹಸಿದವರು ಬಂದಾಗ ಬಾಗಿಲು ಹಾಕಿಕೊಂಡು, ಅವರು ಹೋದ ಮೇಲೆ ಎಲೆ ಹಾಕಿ, ಉಣ್ಣುವವರೇ ಗತಿಯಿಲ್ಲವೆಂದು ಒಲೆ ಆರಿಸಿದ ಈ ಗೃಹಕೃತ್ಯವನ್ನು ನಮ್ಮ ಹೆಂಗಸರು ಇಂದಿಗೂ ನೆನೆಯುತ್ತಾರೆ.

ಆಮೇಲೆ ನಾವು ಕೃಷ್ಣರಾಜಪುರದವರೆಗೆ ನಡೆದು, ಹಳೇ ಮದ್ರಾಸು ರಸ್ತೆಯ ಬಸ್ಸು ಹಿಡಿಯಬೇಕಾಯಿತು. ತೂಗುಸೇತುವೆಯ ಕಂಬ ನಿಲ್ಲಿಸುತ್ತಿದ್ದ ಕಾಲವದು. ಟಿನ್ ಫ್ಯಾಕ್ಟರಿಯ ಬಳಿ ಬಸ್ಸಿಗಿಂತ ಬಸ್ಸಿನ ನೆರಳು ಬೇಗ ಮುಂದೆ ಸಾಗುತ್ತಿತ್ತು. ಒಂದು ದಿನ ಶಿವಾಜಿನಗರದಲ್ಲಿ ಇಳಿದ ಸುಜಾತಾ ಹರಿದ ಸೆರಗನ್ನು ಸರಿಮಾಡಿಕೊಳ್ಳುತ್ತಾ, "ಅಕ್ಕಾ, ಇವತ್ತ ನನ್ನ ಕಾಲು ನೆಲಕ್ಕ ಹತ್ತಲೇ ಇಲ್ಲ ನೋಡ್ರಿ. ಹಲಸೂರಿನ ತನಕ ಮಂದಿನೇ ಹೊತ್ಕೊಂಡು ಬಂದ್ರು" ಎಂದಳು. ನಕ್ಕಳು, ಆದರೆ ಆ ತಿಂಗಳು ತಡವಾಗಿ ಬಂದಳೆಂದು ಅಂಗಡಿಯವರು ಅವಳನ್ನು ಎರಡು ಸಲ ಹಿಂದಕ್ಕೆ ಕಳುಹಿಸಿದ್ದರು.

ಇತ್ತ ರೈಲಿಲ್ಲದ ಪ್ಲಾಟ್‌ಫಾರ್ಮಿನ ಮೇಲೆ ನಮ್ಮ ತಂದೆಯವರು, "ಹೊಲ ವಾಪಸ್ ಬಂತು, ಅದೂ ಸಿಮೆಂಟ್ ಹಾಕ್ಕೊಂಡು" ಎಂದು ಸಂತೋಷಪಟ್ಟು ರಾಗಿ ಹರವಿದರು. ನಿಲ್ದಾಣದ ಏಕೈಕ ನೌಕರನಾದ ನಿಂಗಣ್ಣ ಮಾತ್ರ ದಿನವೂ ಸಮವಸ್ತ್ರ ಧರಿಸಿ ಬಂದು, ಇಲ್ಲದ ರೈಲಿಗೆಂದು ಹಸಿರು ಬಾವುಟವನ್ನು ಒಗೆದು ಒಣಗಿಸುತ್ತಿದ್ದ. ತಮ್ಮ ಇಲಾಖೆಯ ಶಿಸ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇನ್ನು ಸಮಗ್ರ ಸಮೀಕ್ಷೆಯ ವಿಷಯ.

ಎರಡು ಸಾವಿರದ ಒಂದನೇ ಇಸವಿಯ ವೈಶಾಖದಲ್ಲಿ ಸುಜಾತಳ ಮದುವೆ ನಿಶ್ಚಯವಾಯಿತು. ವರ ಭೀಮಾಶಂಕರ, ಅವರ ಊರ ಕಡೆಯ ಹುಡುಗ, ವೆಲ್ಡಿಂಗ್ ಕೆಲಸ ಬಲ್ಲವನು. ಕೃಷ್ಣರಾಜಪುರದಲ್ಲಿ ಒಂದು ಛತ್ರ ಗೊತ್ತುಮಾಡಿದ್ದರು. ಕರೆಯೋಲೆಯನ್ನು ನಾನೇ ಅಚ್ಚು ಹಾಕಿದ್ದೆ. ಮದುವೆಯ ಹಿಂದಿನ ದಿನ ಅಕ್ಕಿ, ಬೇಳೆ ಇಳಿಸಲು ಹೋದ ಭಗವಂತರಾಯರಿಗೆ ಛತ್ರದವರು, ಅದೇ ಮುಹೂರ್ತಕ್ಕೆ ದೊಡ್ಡವರ ಕಡೆಯದೊಂದು ಮದುವೆ ಬಂದಿದೆ, ನಿಮ್ಮ ಮುಂಗಡ ವಾಪಸ್ ಕೊಡುತ್ತೇವೆ ಎಂದು ಬಾಗಿಲಲ್ಲೇ ನಿಲ್ಲಿಸಿದರು. ಆ ಹೊತ್ತಿಗೆ ಗಂಡಿನ ದಿಬ್ಬಣ ಆಳಂದ ಬಿಟ್ಟಾಗಿತ್ತು.

ಸುಭದ್ರಮ್ಮ ನಮ್ಮ ಅಂಗಳದಲ್ಲಿ ಕುಸಿದು ಕೂತು, "ಬೀಗರ ಮುಂದ ನಮ್ಮ ಮಾನ ಹೋತ್ರಿ ಯಮ್ಮಾ. ಎಲ್ಲಿ ನಿಂದ್ರಸ್ಲಿ ಅವರನ್ನ, ಓಣ್ಯಾಗ ನಿಂದ್ರಸ್ಲೇನು?" ಎಂದು ಅತ್ತರು. ಸಾಮಾನು ಬಾಡಿಗೆಗೆ ಕೊಡುವ ಶಿವಾಜಿನಗರದ ಮಂಜೂರ್ ಆಗಷ್ಟೇ ಪಾತ್ರೆಗಳ ಗಾಡಿ ತಂದು ನಿಲ್ಲಿಸಿದ್ದ. ಅವನು ಸುತ್ತಲೂ ನೋಡಿ, "ಅಪ್ಪಾಜಿ, ಟೆನ್ಷನ್ ಯಾಕೆ ತಗೋತೀರ? ನಮಗೆ ಜಾಗ ತೋರಿಸಿ ಸಾಕು. ಶಾಮಿಯಾನ ಕಟ್ಟಿದ್ರೆ ಬಯಲೂ ಮಹಲ್ಲು" ಎಂದ. ತಂದೆಯವರು ಪ್ಲಾಟ್‌ಫಾರ್ಮಿನ ಕಡೆ ಕೈ ತೋರಿಸಿದರು.

ನಿಂಗಣ್ಣ ಬೆವತುಹೋದ. "ಅಣ್ಣಾ, ಅದು ರೈಲ್ವೆ ಆಸ್ತಿ. ರೈಲಿಗೆ ತೊಂದ್ರೆ ಆದ್ರೆ ನನ್ ಕೆಲಸ ಹೋಯ್ತದೆ."

"ರೈಲು ಎಲ್ಲೈತಪ್ಪಾ? ಇದ್ರೆ ಕರಿ, ಅದನ್ನೇ ಕೇಳಿಬುಡನ" ಎಂದರು ತಂದೆಯವರು.

ನಿಂಗಣ್ಣ ಒಳಗೆ ಹೋಗಿ, ಪ್ಲಾಟ್‌ಫಾರ್ಮು ತೊಳೆಯುವ ಪೊರಕೆಗಳನ್ನು ತಂದ.

ಬೆಳಗಾಗುವುದರೊಳಗೆ ತಮ್ಮ ಟರ್ಮಿನಸ್ಸನ್ನು ತಾವು ನೋಡಬೇಕಿತ್ತು. ಕಂಬದಿಂದ ಕಂಬಕ್ಕೆ ಮಾವಿನ ತೋರಣ, ಟಿಕೆಟ್ ಕಿಟಕಿಯ ಬಳಿ ನಾದಸ್ವರದವರು, ಸರಕಿನ ಕೋಣೆಯಲ್ಲಿ ಅಡುಗೆ, ಮಹಿಳೆಯರ ನಿರೀಕ್ಷಣಾ ಕೊಠಡಿಯಲ್ಲಿ ವಧು. ಆ ಕೊಠಡಿಯನ್ನು ಕಟ್ಟಿದಂದಿನಿಂದ ಅದರಲ್ಲಿ ಯಾರಾದರೂ ನಿಜವಾಗಿ ನಿರೀಕ್ಷಿಸಿದ್ದು ಅದೇ ಮೊದಲು. ಹೂ ಮುಡಿಸುತ್ತಿದ್ದ ನನ್ನ ಕೈ ಹಿಡಿದು ಸುಜಾತಾ, "ರೈಲು ಇಲ್ಲದ ಸ್ಟೇಷನ್ನಾಗ ಮದವಿ ಆದ್ರ ಮಂದಿ ಏನಂದಾರು ಅಕ್ಕಾ?" ಎಂದಳು. "ಜಾಗ ಚೆನ್ನಾಗಿದೆ, ಗಾಳಿ ಚೆನ್ನಾಗಿ ಬರುತ್ತೆ ಅಂತಾರೆ" ಎಂದೆ. ಅವಳಿಗೆ ನಗು ಬರಲಿಲ್ಲ. ಕಂಟೋನ್ಮೆಂಟಿನಲ್ಲಿ ಇಳಿದ ದಿಬ್ಬಣಕ್ಕೆ ಮದುವೆ ಇಲ್ಲಿಗೆ ಬದಲಾದುದನ್ನು ತಿಳಿಸಿ ಮೆಟಡೋರ್ ಹತ್ತಿಸಿದ್ದಾರೆಂಬ ಸುದ್ದಿಯಷ್ಟೇ ಬಂದಿತ್ತು. ಬಿಸಿಲೇರಿದರೂ ಮೆಟಡೋರಿನ ಸುಳಿವಿರಲಿಲ್ಲ. ಪುರೋಹಿತರು ಗಡಿಯಾರ ನೋಡುವುದೂ, ಸುಭದ್ರಮ್ಮ ಪುರೋಹಿತರ ಮುಖ ನೋಡುವುದೂ ನಡೆದಿತ್ತು.

ಅಷ್ಟರಲ್ಲಿ ದೂರದಲ್ಲಿ ಒಂದು ಸಿಳ್ಳೆ ಕೇಳಿಸಿತು.

ನಿಂಗಣ್ಣನ ಕೈಯಲ್ಲಿದ್ದ ಪಾನಕದ ಲೋಟ ಬಿದ್ದುಹೋಯಿತು. ವರ್ಷಗಳಿಂದ ತುಕ್ಕು ಹಿಡಿದಿದ್ದ ಹಳಿಯ ಮೇಲೆ ಎಂಜಿನ್ನೊಂದು ಎರಡು ಡಬ್ಬಿಗಳನ್ನು ಎಳೆದುಕೊಂಡು ಮೆಲ್ಲಗೆ ಬರುತ್ತಿತ್ತು. ಆಳಂದದಿಂದ ಮುಂಚೆಯೇ ಬಂದಿದ್ದ ನೆಂಟರಿಗೆ ನಮ್ಮ ನಿಲ್ದಾಣದ ಇತಿಹಾಸ ತಿಳಿದಿರಲಿಲ್ಲ. ದಿಬ್ಬಣ ರೈಲಿನಲ್ಲಿ ಬರುವುದು, ಮದುವೆ ಸ್ಟೇಷನ್ನಿನಲ್ಲಿ ನಡೆಯುವುದು, ಎರಡೂ ಅವರಿಗೆ ತಾಳೆಯಾಯಿತು. "ಬೀಗರು ಬಂದ್ರು! ಬೀಗರು ಬಂದ್ರು!" ಎಂದು ಕೂಗೆದ್ದಿತು. ನಾದಸ್ವರ ಮೊಳಗಿತು. ಆರತಿಯ ತಟ್ಟೆಗಳು ಓಡಿದವು. ಮೊದಲ ಡಬ್ಬಿಯಿಂದ ಇಳಿದ ಸಫಾರಿ ಸೂಟಿನ ಹಿರಿಯರೊಬ್ಬರನ್ನು, ಆ ಗದ್ದಲದಲ್ಲಿ ಎಲ್ಲವನ್ನೂ ಮರೆತ ಭಗವಂತರಾಯರು ತಾವಿನ್ನೂ ಮುಖ ಕಾಣದ ವರನ ದೊಡ್ಡಪ್ಪನೆಂದೇ ನಂಬಿ ಅಪ್ಪಿಕೊಂಡು, ಅವರು ಬಾಯಿ ತೆರೆಯುವಷ್ಟರಲ್ಲಿ ತಲೆಗೆ ಗುಲಾಬಿ ಬಣ್ಣದ ರುಮಾಲು ಸುತ್ತಿಬಿಟ್ಟರು. ನಾವು ಪನ್ನೀರು ಎರಚಿದೆವು.

ಮಾನ್ಯರೇ, ಅವರು ವರನ ದೊಡ್ಡಪ್ಪನಾಗಿರಲಿಲ್ಲ. ತಮ್ಮ ಮಂಡಳಿಯ ಅಂದಿನ ಪರಿಶೀಲನಾಧಿಕಾರಿಗಳಾಗಿದ್ದರು. ಯಾರೂ ಬಳಸದ ಈ ನಿಲ್ದಾಣವನ್ನು ಶಾಶ್ವತವಾಗಿ ಮುಚ್ಚಿ, ಹಳಿ ಕಿತ್ತು, ಜಾಗವನ್ನು ಗೋದಾಮಿಗೆ ಕೊಡುವ ಶಿಫಾರಸಿಗೆ ಸಹಿ ಹಾಕುವ ಮುನ್ನ ಒಮ್ಮೆ ಕಣ್ಣಾರೆ ನೋಡಿ ಹೋಗಲು ಬಂದಿದ್ದರು. ಅವರ ಜೊತೆ ಇಳಿದವರ ಬಾಯಿಂದ ಹೊರಬಿದ್ದ ಈ ಸುದ್ದಿ ವಧುವಿನ ಕೊಠಡಿಯವರೆಗೂ ಹೋಯಿತು.

"ಏನ್ರೀ ಇದು? ಯಾರ್ರೀ ಇಷ್ಟು ಜನ?" ಎಂದು ಅವರು ರುಮಾಲಿನ ಕೆಳಗಿನಿಂದ ಗುಡುಗಿದರು.

ನಿಂಗಣ್ಣ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. "ಪ್ಯಾಸೆಂಜರ್ಸು, ಸಾರ್."

"ಎಲ್ಲಿಗೆ ಹೋಗೋ ಪ್ಯಾಸೆಂಜರ್ಸು?"

"ಎಲ್ಲಿಗೂ ಹೋಗಲ್ಲ ಸಾರ್. ಮದುವೆಗೆ ಬಂದವ್ರೆ."

ಅವರ ಕೋಪ ಯಾವ ಎತ್ತರಕ್ಕೆ ಏರುತ್ತಿತ್ತೋ ತಿಳಿಯದು. ಅದೇ ಹೊತ್ತಿಗೆ ಮೂಲೆ ಅಂಗಡಿಯ ಫೋನಿಗೆ ಕರೆ ಬಂತೆಂದು ಸುದ್ದಿ ಓಡಿ ಬಂತು. ಮೆಟಡೋರು ಕೃಷ್ಣರಾಜಪುರದ ಸೇತುವೆ ಕೆಲಸದ ಬಳಿ ಲಾರಿಗಳ ನಡುವೆ ಸಿಕ್ಕಿಕೊಂಡಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ನಡೆದು ಬಂದರೆ ಮುಹೂರ್ತ ಮೀರುತ್ತದೆ, ಏನು ಮಾಡಲಿ ಎಂದು ಬೂತಿನಿಂದ ವರನೇ ಕೇಳಿದ್ದ.

ಸುಭದ್ರಮ್ಮ ಹಸೆಯ ಮುಂದೆ ಕೂತುಬಿಟ್ಟರು. ನಾನು ಅಧಿಕಾರಿಗಳ ಮುಂದೆ ಕೈಮುಗಿದು, ಸ್ವಾಮಿ, ತಮ್ಮ ರೈಲು ಒಮ್ಮೆ ಕೃಷ್ಣರಾಜಪುರಕ್ಕೆ ಹೋಗಿಬಂದರೆ ಹೆಣ್ಣೊಬ್ಬಳ ಮದುವೆ ಉಳಿಯುತ್ತದೆ ಎಂದೆ. ಅವರು ಮುಖ ಗಂಟಿಕ್ಕಿಕೊಂಡು, "ನೋಡಮ್ಮ, ಇದು ಇನ್ಸ್‌ಪೆಕ್ಷನ್ ಸ್ಪೆಷಲ್ಲು. ಇದಕ್ಕೆ ಪ್ಯಾಸೆಂಜರ್ಸನ್ನ ಹತ್ತಿಸೋಕೆ ರೂಲ್ಸಲ್ಲಿ ಅವಕಾಶ ಇಲ್ಲ" ಎಂದರು.

ಆಗ ನಿರೀಕ್ಷಣಾ ಕೊಠಡಿಯ ಬಾಗಿಲು ತೆರೆಯಿತು. ಬಾಸಿಂಗ ಕಟ್ಟಿಕೊಂಡ ವಧು ತಾನೇ ನಡೆದುಬಂದು, ಎಲ್ಲರೂ ನೋಡುತ್ತಿದ್ದಂತೆ, ಅಧಿಕಾರಿಗಳ ಮುಂದೆ ನಿಂತಳು.

"ಸಾಹೇಬ್ರ, ನೀವು ಈ ಹಳಿ ಕೀಳಾಕ ಬಂದೀರಂತ ಕೇಳೀನ್ರಿ. ಕೀಳ್ರಿ, ನಾ ಬ್ಯಾಡ ಅನ್ನಂಗಿಲ್ಲ. ಈ ರೈಲಿನ್ಯಾಗ ನಾ ದಿನಾ ಕೂತು ದುಡಿಯಾಕ ಹೋಗ್ತಿದ್ದೆ. ಇದು ನಿಂತ ಮ್ಯಾಲ ಮಂದಿ ಮೈಮ್ಯಾಲ ಬಿದ್ಕೋತ ಹೋಗ್ತೀನಿ. ಅದನ್ನೂ ತಡ್ಕೊಂಡೀನ್ರಿ. ಹ್ಯಾಂಗೂ ನೀವು ವಾಪಸ್ ಆ ಕಡೀಗೇ ಹೊಂಟೀರಿ. ನನ್ನ ಗಂಡ ಆಗೋನು ಅಲ್ಲಿ ರಸ್ತ್ಯಾಗ ನಿಂತಾನ. ಅವನೊಬ್ಬನ್ನ ಕರ್ಕೊಂಡು ಬಂದು ಬಿಡ್ರಿ, ಆಮ್ಯಾಲ ಕಿತ್ಕೊಂಡು ಹೋಗ್ರಿ."

ಅವಳು ಅಳಲಿಲ್ಲ. ಅಧಿಕಾರಿಗಳು ಏನೋ ಹೇಳಲು ಹೋಗಿ, ಮೊದಲು ರುಮಾಲು ತೆಗೆಯೋಣವೆಂದು ತಲೆಗೆ ಕೈ ಹಾಕಿದರು. ನಮ್ಮ ತಂದೆಯವರು ಅವರ ಕೈ ಹಿಡಿದುಕೊಂಡರು. "ಬ್ಯಾಡಿ ಸ್ವಾಮಿ. ಕಟ್ಟಿಸ್ಕೊಂಡಾಗೈತೆ. ಈಗ ನೀವು ಆಫೀಸರಲ್ಲ, ಬೀಗರು."

ಅವರು ನಮ್ಮ ತಂದೆಯವರನ್ನೂ, ಹುಡುಗಿಯನ್ನೂ ನೋಡಿದರು. ಆಮೇಲೆ ಅವರ ಹೊಟ್ಟೆ ಮೊದಲು ಕುಲುಕಿತು, ನಗು ತಡವಾಗಿ ಮುಖಕ್ಕೆ ಬಂತು. "ಬೀಗರನ್ನ ಹತ್ತಿಸಬಾರದು ಅಂತ ರೂಲ್ಸಲ್ಲಿ ಎಲ್ಲೂ ಬರೆದಿಲ್ಲ" ಎಂದು ಡ್ರೈವರನ ಕಡೆ ತಿರುಗಿ, "ನಡೀರಿ" ಎಂದರು. ನಿಂಗಣ್ಣ ಕೃಷ್ಣರಾಜಪುರಕ್ಕೆ ಫೋನು ಮಾಡಲು ಓಡಿದ. ಮಂಜೂರ್ ತನ್ನ ಸ್ಕೂಟರಿಗೆ ಒದೆಯುತ್ತಾ, "ನಾನು ಗಲ್ಲಿ ಗಲ್ಲಿ ನುಗ್ಗಿ ಹೋಗಿ ಅವರನ್ನ ಸ್ಟೇಷನ್‌ಗೆ ಕಳಿಸ್ತೀನಿ, ನೀವು ಬನ್ನಿ" ಎಂದು ಧೂಳೆಬ್ಬಿಸಿ ಹೋದ. ಗುರುತು ಹಿಡಿಯಲೆಂದು ಭಗವಂತರಾಯರೂ ನಾನೂ ರೈಲು ಹತ್ತಿದೆವು. ಹಸಿರು ಬಾವುಟ ಬೀಸುವಾಗ ನಿಂಗಣ್ಣನ ಕಣ್ಣಲ್ಲಿ ನೀರಿತ್ತು.

ಕೃಷ್ಣರಾಜಪುರದ ಪ್ಲಾಟ್‌ಫಾರ್ಮಿನಲ್ಲಿ ರೈಲು ನಿಂತಾಗ ಭೀಮಾಶಂಕರ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಮೇಲ್ಸೇತುವೆಯ ಮೆಟ್ಟಿಲಿಳಿದು ಓಡಿಬರುತ್ತಿದ್ದ, ಹಿಂದೆ ಇಡೀ ದಿಬ್ಬಣ. ಇದು ನಾವು ಬಯಸಿದ್ದು. ಆದರೆ ಬಯಸದ ಇನ್ನೊಂದು ಸಂಗತಿ ನಡೆಯಿತು. ಬೆಂಚುಗಳ ಮೇಲೆ, ಗೋಡೆಯ ನೆರಳಿನಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದರು. "ಇದು ಹೊಂಗೆಕುಂಟೆ ಷಟಲ್ಲೇನ್ರೀ?" "ಮತ್ತೆ ಬಿಟ್ರಾ?" "ಏ, ಷಟಲ್ ಬಂದೈತೆ, ಬರ್ರೋ!" ಯಾರು ಏನು ಹೇಳಿದರೂ ಕೇಳುವವರಿಲ್ಲ. ಖಾಲಿ ಪುಟ್ಟಿಯವರು, ಸಿಮೆಂಟಿನ ಕೈಯವರು, ಮಗುವನ್ನು ಕಂಕುಳಲ್ಲಿಟ್ಟುಕೊಂಡವರು ಆ ಎರಡು ಡಬ್ಬಿಗಳಿಗೆ ನುಗ್ಗಿದರು.

ಬೆಳಿಗ್ಗೆ ಸೊಪ್ಪು ಮಾರಿ ಹಿಂದಿರುಗುತ್ತಿದ್ದ ನಮ್ಮ ವಠಾರದ ಹುಸೇನಮ್ಮ, ಬಾಗಿಲಲ್ಲಿ ರುಮಾಲು ಸುತ್ತಿಕೊಂಡು ನಿಂತಿದ್ದ ಹಿರಿಯರನ್ನು ಯಾರದೋ ಊರಿನ ಗೌಡರೆಂದು ತಿಳಿದು, "ಯಪ್ಪಾ, ಇದೊಂದೀಟು ಹಿಡೀರಿ" ಎಂದು ಪುಟ್ಟಿಯನ್ನು ಅವರ ಕೈಗಿತ್ತು ಹತ್ತಿದಳು. ಇಡಲು ಜಾಗವಿಲ್ಲದೆ ಅಧಿಕಾರಿಗಳು ಪುಟ್ಟಿ ಹಿಡಿದುಕೊಂಡೇ ನಿಂತರು. ರೈಲು ಹೊರಟ ಮೇಲೆ ಮೆಲ್ಲಗೆ ಕೇಳಿದರು: "ದಿನಾ ಹೇಗಮ್ಮಾ ಬರ್ತೀಯ?"

"ನಡಕೋತ ಬರ್ತೀನ್ರಿ. ಯಾವನೋ ಒಬ್ಬ ಈ ರೈಲು ಬಂದ್ ಮಾಡ್ಯಾನಂತಲ್ರಿ, ಅವನ ಮನಿ ತಣ್ಣಗಿರ್ಲಿ!"

ಅಧಿಕಾರಿಗಳು ಕಿಟಕಿಯ ಹೊರಗೆ ನೋಡಿದರು. ಹೊಂಗೆಕುಂಟೆ ಬರುವವರೆಗೂ ಪುಟ್ಟಿಯನ್ನು ಕೈಬಿಡಲಿಲ್ಲ.

ಮುಹೂರ್ತ ಮೀರುವ ಮುನ್ನ ಕೊರಳಿಗೆ ತಾಳಿ ಬಿತ್ತು. ವರ ಎಂಜಿನ್ ಕಡೆಯಿಂದ ಇಳಿದು ಬಂದದ್ದನ್ನು ನೋಡಿದ ಸುಜಾತಾ ಅಂದಿನ ಮೊದಲ ನಗು ನಕ್ಕಳು. ಅಕ್ಷತೆ ಬೀಳುತ್ತಿದ್ದಾಗಲೇ ನನ್ನ ಕಡೆ ಬಾಗಿ, "ನಿಮ್ಮ ಸಾಹೇಬರ ಸಫಾರಿಯ ತೋಳು ಕೆಟ್ಟೈತ್ರಿ" ಎಂದಳು. ಅಧಿಕಾರಿಗಳು ಗಂಡಿನವರ ಪಂಕ್ತಿಯಲ್ಲಿ ಕೂತು, ಶೇಂಗಾ ಹೋಳಿಗೆಯನ್ನು ಬೇಡ ಬೇಡವೆನ್ನುತ್ತಾ ಹಾಕಿಸಿಕೊಂಡರು. ಅದೇ ಉಸಿರಿನಲ್ಲಿ ನಿಂಗಣ್ಣನನ್ನು ಕರೆದು, ಮೊದಲು ಬೆಳಗಿನ ಷಟಲ್ ಎಷ್ಟು ಹೊತ್ತಿಗೆ ಹೊರಡುತ್ತಿತ್ತೆಂದು ವಿಚಾರಿಸಿದರು. ಹಳಿ ಕೀಳುವ ಶಿಫಾರಸಿಗೆ ಅವರು ಸಹಿ ಹಾಕಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಷಟಲ್ ಮತ್ತೆ ಬಂತು, ಬೆಳಿಗ್ಗೆಯೇ ಬಂತು, ತುಂಬಿಕೊಂಡು ಹೋಯಿತು. ರುಮಾಲನ್ನು ಅವರು ಹಿಂದಿರುಗಿಸಲಿಲ್ಲ, ಸುಭದ್ರಮ್ಮ ಕೇಳಲೂ ಇಲ್ಲ.

ಇದು ಇತಿಹಾಸ. ಈಗ ತಮ್ಮ ಭವಿಷ್ಯಕ್ಕೆ ಬರುತ್ತೇನೆ.

ತಾವು ಕಟ್ಟಲಿರುವ ವಿಶ್ವದರ್ಜೆಯ ಟರ್ಮಿನಸ್ಸಿನ ಗಾಜಿನ ಛಾವಣಿ, ತಾನಾಗಿ ಏರುವ ಮೆಟ್ಟಿಲು, ನೀರಿನ ಕಾರಂಜಿ, ಮೂರು ಅಂತಸ್ತಿನ ಅಂಗಡಿಗಳ ಸಾಲನ್ನು ಓದಿ ನಮ್ಮ ವಠಾರ ಪುಲಕಗೊಂಡಿದೆ. ನಮ್ಮ ತಂದೆಯವರಿಗೂ ಓದಿ ಹೇಳಿದೆ; ಕಾರಂಜಿಗೆ ನೀರು ಯಾವ ಬೋರಿನದು ಎಂದು ಮಾತ್ರ ಕೇಳಿದರು. ಆದರೆ ಕೊನೆಯ ಪುಟದ ಅಡಿಯಲ್ಲಿ, ಇರುವೆಗಳಿಗೆಂದೇ ಜೋಡಿಸಿದಂಥ ಅಕ್ಷರಗಳಲ್ಲಿ, "ಕಾಮಗಾರಿ ಪೂರ್ಣಗೊಳ್ಳುವವರೆಗೆ ಷಟಲ್ ಸೇವೆಯನ್ನು ಮುಂದಿನ ತಿಂಗಳಿನಿಂದ ಸ್ಥಗಿತಗೊಳಿಸಲಾಗುವುದು" ಎಂದಿದೆ. ಅಕ್ಷರ ಜೋಡಿಸುವುದೇ ನನ್ನ ಹೊಟ್ಟೆಪಾಡಾದ್ದರಿಂದ ಕಣ್ಣಿಗೆ ಬಿತ್ತು. ಹೊಗಳಲೇಬೇಕು: ರೈಲುಗಳಿಗಾಗಿ ನಿಲ್ದಾಣ ಕಟ್ಟುವುದನ್ನು ಜಗತ್ತು ಕಂಡಿದೆ, ನಿಲ್ದಾಣಕ್ಕಾಗಿ ರೈಲನ್ನು ನಿಲ್ಲಿಸುವ ಧೈರ್ಯ ತಮ್ಮೊಬ್ಬರದೇ.

ಸುಜಾತಾ ಈಗ ಅದೇ ಗಲ್ಲಿಯಲ್ಲಿ ಸ್ವಂತ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳ ಜೊತೆ ಹೊಲಿಯುವ ಹೆಂಗಸರೆಲ್ಲ ನಮ್ಮ ಊರವರೇ, ಎಲ್ಲರೂ ಷಟಲ್ಲಿನವರೇ. ಮಕ್ಕಳನ್ನು ಶಾಲೆಗೆ ಕಳುಹಿಸಿ ರೈಲು ಹತ್ತಿ, ಅವರು ಮನೆಗೆ ಬರುವ ಹೊತ್ತಿಗೆ ರೈಲಿಳಿಯುವವರು. ತೂಗುಸೇತುವೆ ಬಂದು ವರ್ಷಗಳಾದವು. ಲಾರಿಗಳು ಈಗ ಅದರ ಮೇಲೂ ನಿಲ್ಲುತ್ತವೆ, ಕೆಳಗೂ ನಿಲ್ಲುತ್ತವೆ. ಷಟಲ್ ನಿಂತರೆ ಆ ಹೆಂಗಸರಲ್ಲಿ ಅರ್ಧ ಜನ ಕೆಲಸ ಬಿಡಬೇಕು, ಅಂಗಡಿ ಮುಚ್ಚಬೇಕು. "ಭವಿಷ್ಯ ಬರೋತನಕ ನಾವು ಹ್ಯಾಂಗ ಹೋಗೂದು, ಅದೊಂದು ಕೇಳಿ ಬರೀರಿ ಅಕ್ಕಾ" ಎಂದು ಸುಜಾತಾ ಹೇಳಿದ್ದರಿಂದಲೇ ಈ ಪತ್ರ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳಿವೆ. ಗಾಜಿನ ಛಾವಣಿಯನ್ನು ಆಕಾಶದಿಂದ ಹಗ್ಗ ಕಟ್ಟಿ ಇಳಿಬಿಟ್ಟು, ಅದರಡಿಯಲ್ಲಿ ನಮ್ಮ ಷಟಲ್ ಬಂದುಹೋಗುವಂತೆ ಮಾಡಲು ಸಾಧ್ಯವೇ ಎಂದು ದಯವಿಟ್ಟು ಪರಿಶೀಲಿಸಿ. ಅದು ಕಷ್ಟವಾದರೆ ಕಾಮಗಾರಿ ಮುಗಿಯುವವರೆಗೆ ರಸೆಲ್ ಮಾರುಕಟ್ಟೆಯನ್ನು ಅದರ ಗಡಿಯಾರ, ಕುರಿಮಾಂಸ, ಪಾರಿವಾಳಗಳ ಸಮೇತ ಹೊಂಗೆಕುಂಟೆಗೆ ಸ್ಥಳಾಂತರಿಸಿ. ನಾವು ಎಲ್ಲಿಗೂ ಹೋಗುವುದೇ ಬೇಡ. ಅದೂ ನಿಯಮದಲ್ಲಿಲ್ಲವಾದರೆ ತಾವೂ ತಮ್ಮ ಉಪಮುಖ್ಯರೂ ಒಂದು ಸೋಮವಾರ ಬೆಳಿಗ್ಗೆ ನಮ್ಮೊಡನೆ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಪ್ರಯಾಣಿಸಿ ನಮ್ಮನ್ನು ಕೃತಾರ್ಥರನ್ನಾಗಿಸಿ. ತಮ್ಮ ಕಾಲು ನೆಲಕ್ಕೆ ತಾಗದಂತೆ ನೋಡಿಕೊಳ್ಳುವ ಭಾರ ಜನತೆಯದು. ಇವ್ಯಾವುವೂ ಆಗದಿದ್ದ ಪಕ್ಷದಲ್ಲಿ, ಒಂದೇ ಒಂದು ಹಳಿಯನ್ನು ಬಿಟ್ಟು ಮಿಕ್ಕ ಜಾಗದಲ್ಲೆಲ್ಲ ಕಟ್ಟಿ, ಬೆಳಿಗ್ಗೆ ಒಂದು, ಸಂಜೆ ಒಂದು ಷಟಲ್ಲನ್ನು ಬಿಡಿ. ಇದು ನಾವು ನಿಜವಾಗಿ ಕೇಳುತ್ತಿರುವುದು; ಉಳಿದುವು ಶಿಷ್ಟಾಚಾರಕ್ಕೆ.

ಇದಕ್ಕೂ ತಾವು ಮೀಟಿಂಗಿನಲ್ಲಿದ್ದರೆ ಬೇಸರವಿಲ್ಲ. ಷಟಲ್ ಓಡುವ ಕೊನೆಯ ದಿನ ಬೆಳಿಗ್ಗೆ ಹೊಂಗೆಕುಂಟೆಯವರೆಲ್ಲ ಅದನ್ನೇ ಹತ್ತಿ, ಕಂಟೋನ್ಮೆಂಟಿನಲ್ಲಿ ಇಳಿದು, ನೇರ ತಮ್ಮ ಕಚೇರಿಗೆ ಬರುತ್ತಿದ್ದೇವೆ. ಗಲಾಟೆ ಮಾಡುವವರಲ್ಲ ನಾವು. ಘೋಷಣೆ ಕೂಗುವುದಿಲ್ಲ, ಗಾಜು ಮುಟ್ಟುವುದಿಲ್ಲ. ಬುತ್ತಿ ಬಿಚ್ಚಿ ಉಂಡು, ತಮಗೂ ಬಡಿಸಿ, ಹೊಲಿಗೆಯವರು ಹೊಲಿಯುತ್ತಾ, ಸೊಪ್ಪಿನವರು ಸೊಪ್ಪು ಬಿಡಿಸುತ್ತಾ ತಮ್ಮ ಮೀಟಿಂಗ್ ಕೊಠಡಿಯಲ್ಲೇ ಕೂತಿರುತ್ತೇವೆ. ಅಂದಿನ ಸಂಜೆಯ ಕೊನೆಯ ಷಟಲ್ ಹೊರಟುಹೋದ ಮೇಲೆ ನಮಗೆ ಊರಿಗೆ ಹೋಗಲು ರೈಲಿಲ್ಲವಲ್ಲ. ಹೇಗೆ ಹೋಗಬೇಕೆಂದು ತಾವೇ ಹೇಳುವವರೆಗೂ ಏಳುವುದಿಲ್ಲ.

ತಮ್ಮ ಭವಿಷ್ಯಕ್ಕೆ ಶುಭ ಕೋರುವ, ಇಂದಿನ ಬೆಳಗಿನ ಷಟಲ್ಲಿಗೂ ಸಕಾಲಕ್ಕೆ ಹತ್ತಿದ

ತಮ್ಮ ವಿಶ್ವಾಸಿ,
ಧನಲಕ್ಷ್ಮಿ
ಮುನಿಆಂಜನಪ್ಪನವರ ವಠಾರ, ಹೊಂಗೆಕುಂಟೆ

ಮರೆತ ಮಾತು: ತಮ್ಮ ಪುಸ್ತಿಕೆಯ ಮುಖಪುಟದ ಚಿತ್ರದಲ್ಲಿ ಹೊಸ ಪ್ಲಾಟ್‌ಫಾರ್ಮಿನ ಮೇಲೆ ಓಡಾಡುತ್ತಿರುವ ಪ್ರಯಾಣಿಕರೆಲ್ಲ ಕೋಟು ತೊಟ್ಟ, ಹೊಂಬಣ್ಣದ ಕೂದಲಿನ ವಿದೇಶೀಯರು. ಒಬ್ಬರ ಕೈಯಲ್ಲೂ ಪುಟ್ಟಿಯಿಲ್ಲ, ಬುತ್ತಿಯಿಲ್ಲ, ಮಗುವಿಲ್ಲ. ಇವರೆಲ್ಲ ಹೊಂಗೆಕುಂಟೆಗೆ ಯಾವಾಗ ಬಂದು ನೆಲೆಸುತ್ತಾರೆಂದು ಮುಂಚಿತವಾಗಿ ತಿಳಿಸಿದರೆ ನಮ್ಮ ತಂದೆಯವರು ಮನೆಗಳಿಗೆ ಸುಣ್ಣ ಹೊಡೆಸಿಡುತ್ತಾರಂತೆ. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆಂಬುದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸವನ್ನು ಮಾತ್ರ ತಾವೇ ವಹಿಸಿಕೊಳ್ಳಬೇಕು.